ಪ್ರೌಢ ನಾಯಿಗಳ ಬಹುಮಾನಮೂಲ ಶಿಕ್ಷಣ

ಪೂರ್ಣ ಬೆಳವಣಿಗೆ ಹೊಂದಿದ ನಾಯಿಯು ತೋರಿದ ಅಪೇಕ್ಷಿತ ವರ್ತನೆಯನ್ನು ಆಹಾರ, ಆಟ, ಅಕ್ಕರೆ ಮುಂತಾದ ಪ್ರಿಯವಾದ ಫಲದೊಡನೆ ತತ್‌ಕ್ಷಣವೇ ಜೋಡಿಸಿ, ತನ್ಮೂಲಕ ಆ ವರ್ತನೆಯು ಪುನಃ ಪುನಃ ಸಂಭವಿಸುವಂತೆ ಮಾಡುವ ಶಿಕ್ಷಣಕ್ರಮಕ್ಕೆ ಪ್ರೌಢ ನಾಯಿಗಳ ಬಹುಮಾನಮೂಲ ಶಿಕ್ಷಣವೆಂದು ಹೆಸರು. ಹೊಡೆತ, ಕೊರಳಿನ ಎಳೆತ, ವಿದ್ಯುದಾಘಾತ, ಗದರಿಕೆ ಮೊದಲಾದ, ನೋವನ್ನೋ ಭಯವನ್ನೋ ಉಂಟುಮಾಡುವ ಉಪಾಯಗಳಿಗೆ ಈ ಕ್ರಮದಲ್ಲಿ ಎಡೆಯಿಲ್ಲ. ಸಣ್ಣ ತಳಿಯ ನಾಯಿಗಳು ಸುಮಾರು 1 ವರ್ಷಕ್ಕೂ ದೊಡ್ಡ ತಳಿಯವು ಒಂದೂವರೆಯಿಂದ 2 ವರ್ಷಕ್ಕೂ ಪ್ರೌಢಾವಸ್ಥೆಯನ್ನು ಮುಟ್ಟುತ್ತವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾಯಿಗೂ ಅನ್ವಯಿಸಿ, ಬೆಳೆದ ನಾಯಿಗೆ ಹೊಸದೇನನ್ನೂ ಕಲಿಸಲಾಗದೆಂದು ಹೇಳುವ ರೂಢಿಯುಂಟು. ಕಲಿಕೆಯ ಶಾಸ್ತ್ರವು ಈ ಅಭಿಪ್ರಾಯವನ್ನು ಸಮರ್ಥಿಸುವುದಿಲ್ಲ.

ಉಗಮ ಮತ್ತು ವಿಕಾಸ

ಅನ್ನವಿಟ್ಟು ನಾಯಿಯನ್ನು ಒಲಿಸಿಕೊಳ್ಳುವ ಪದ್ಧತಿ ಮನುಷ್ಯನಿಗೂ ನಾಯಿಗೂ ಇರುವ ಸಹವಾಸದಷ್ಟೇ ಪುರಾತನವಾದರೂ, ಅದಕ್ಕೆ ಶಾಸ್ತ್ರದ ಆಧಾರ ಒದಗಿದುದು ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕು, ನಾಯಿ, ಕೋಳಿಮರಿಗಳನ್ನು ಒಗಟಿನ ಪೆಟ್ಟಿಗೆಗಳಲ್ಲಿರಿಸಿ, ಅವು ಹೊರಬರುವ ಉಪಾಯವನ್ನು ಹೇಗೆ ಕಂಡುಕೊಳ್ಳುತ್ತವೆಂಬುದನ್ನು ಪರೀಕ್ಷಿಸಿ 1898ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದನು. ಹಿತಕರವಾದ ಫಲವನ್ನು ತಂದ ಕ್ರಿಯೆ ಬಲಗೊಳ್ಳುತ್ತದೆ, ಅಹಿತವನ್ನು ತಂದುದು ಕ್ಷೀಣಿಸುತ್ತದೆ ಎಂಬ ಪರಿಣಾಮ ನಿಯಮವು ಈ ಪರೀಕ್ಷೆಗಳಿಂದ ಮೂಡಿತು. ಅದೇ ಕಾಲದಲ್ಲಿ ರಷ್ಯದ ಶರೀರಶಾಸ್ತ್ರಜ್ಞ ಇವಾನ್ ಪಾವ್ಲೋವ್, ಜೀರ್ಣಕ್ರಿಯೆಯನ್ನು ಕುರಿತ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದವನು, ಆಹಾರಕ್ಕೆ ಮೊದಲು ನಿಯತವಾಗಿ ಬರುವ ಯಾವುದೇ ಸೂಚನೆಯೂ ಕಾಲಕ್ರಮದಲ್ಲಿ ನಾಯಿಯ ಬಾಯಲ್ಲಿ ಜೊಲ್ಲನ್ನು ತರಿಸಬಲ್ಲುದೆಂದು ತೋರಿಸಿದನು.

ಆದರೆ ಪ್ರಯೋಗಶಾಲೆಯ ಈ ಜ್ಞಾನ ನಾಯಿಗಳನ್ನು ಪಳಗಿಸುವವರ ಅಂಗಳವನ್ನು ತಲುಪಲು ಬಹುಕಾಲ ಹಿಡಿಯಿತು. ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ಪ್ರಕಟಿಸಿದ ಕೈಪಿಡಿಯೂ ಅಮೆರಿಕದ ವಿಲಿಯಂ ಕೋಲರ್ 1962ರಲ್ಲಿ ಹೊರತಂದ ಗ್ರಂಥವೂ ಬಲಪ್ರಯೋಗವನ್ನೇ ಪ್ರಧಾನ ಸಾಧನವನ್ನಾಗಿ ಗ್ರಹಿಸಿದುವು. ಎರಡು ಮಹಾಯುದ್ಧಗಳಲ್ಲಿ ಸೈನ್ಯದ ನಾಯಿಗಳನ್ನು ಸಿದ್ಧಪಡಿಸಿದವರ ಮೂಲಕ ಈ ಪರಂಪರೆ ಗೃಹಸ್ಥರ ಮನೆಗೂ ಹರಡಿತು. ಅದಕ್ಕೆ ಬೆಂಬಲವಾಗಿ ಬಂದುದು ತೋಳಗಳನ್ನು ಕುರಿತ ಒಂದು ಕಲ್ಪನೆ. ಬಂಧನದಲ್ಲಿದ್ದ ತೋಳಗಳನ್ನು ಕುರಿತು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನದ ಆಧಾರದ ಮೇಲೆ, ತೋಳದ ಹಿಂಡಿನಲ್ಲಿ ಅಧಿಪತ್ಯಕ್ಕಾಗಿ ನಿರಂತರ ಹೋರಾಟವಿರುತ್ತದೆಂದೂ, ಆದುದರಿಂದ ನಾಯಿಯ ಯಜಮಾನನು ಅದನ್ನು ದಮನ ಮಾಡಿ ತಾನೇ ಹಿಂಡಿನ ಒಡೆಯನೆಂದು ತೋರಿಸಬೇಕೆಂದೂ ವಾದಿಸಲಾಯಿತು. ಪರಸ್ಪರ ಅಪರಿಚಿತವಾದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿದಾಗ ಕಂಡ ವರ್ತನೆ ಅದಾಗಿತ್ತು. 1970ರ ತನ್ನ ಗ್ರಂಥದಲ್ಲಿ ಈ ಕಲ್ಪನೆಗೆ ಪ್ರಚಾರವಿತ್ತಿದ್ದ ಡೇವಿಡ್ ಮೆಕ್ ಎಂಬ ವಿಜ್ಞಾನಿಯೇ, ಕಾಡಿನ ತೋಳಗಳನ್ನು ದೀರ್ಘಕಾಲ ಅವಲೋಕಿಸಿದ ಬಳಿಕ 1999ರಲ್ಲಿ, ಸ್ವಾಭಾವಿಕ ಹಿಂಡೆಂಬುದು ತಂದೆತಾಯಿಗಳೂ ಅವುಗಳ ಮರಿಗಳೂ ಕೂಡಿದ ಕುಟುಂಬವೆಂದು ಸ್ಪಷ್ಟಪಡಿಸಿದನು. ಹೀಗೆ ಮೂಲ ಆಧಾರವೇ ಕುಸಿದ ಮೇಲೂ ಈ ವಾದವು ಜನರ ಬಾಯಲ್ಲಿ ಉಳಿದುಕೊಂಡಿರುವುದು, ಅನೇಕ ನಾಯಿಗಳ ಪಾಲಿಗೆ ದುಃಖದ ಸಂಗತಿ.

ಬಹುಮಾನದ ಮಾರ್ಗ ಬೇರೊಂದು ಕಡೆಯಿಂದ ಬೆಳೆಯಿತು. 1938ರಲ್ಲಿ ಕ್ರಿಯಾಜನ್ಯ ಅನುಬಂಧನದ ತತ್ತ್ವಗಳನ್ನು ನಿರೂಪಿಸಿದ ಬಿ. ಎಫ್. ಸ್ಕಿನ್ನರ್, 1951ರಲ್ಲಿ ಸಾಮಾನ್ಯ ವಾಚಕರಿಗಾಗಿ ಬರೆದ ಲೇಖನವೊಂದರಲ್ಲಿ, ಟಕ್ಕೆಂದು ಸದ್ದುಮಾಡುವ ಆಟಿಕೆಯೊಂದನ್ನು ಹಿಡಿದು ನಾಯಿಗೆ ಕಲಿಸುವ ಬಗೆಯನ್ನು ವಿವರಿಸಿದನು. ಅವನ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲೆಂಡ್ ದಂಪತಿಗಳು 1940ರ ದಶಕದಲ್ಲಿಯೇ ಇದನ್ನು ಜೀವನೋಪಾಯವಾಗಿ ಸ್ವೀಕರಿಸಿ, ಹಂದಿ, ಕೋಳಿ, ರಕೂನ್ ಮೊದಲಾದ ಹಲವು ಜಾತಿಯ ಪ್ರಾಣಿಗಳಿಗೆ ಕಲಿಸಿದರು. ಪ್ರಾಣಿಯ ಜನ್ಮಜಾತ ಪ್ರವೃತ್ತಿಯು ಕಲಿತ ವರ್ತನೆಯನ್ನು ಕೆಲವೊಮ್ಮೆ ಮೀರಿಹೋಗುತ್ತದೆಂಬುದನ್ನು 1961ರಲ್ಲಿ ದಾಖಲಿಸಿದವರೂ ಅವರೇ. ಹವಾಯಿಯ ಸಾಗರಜೀವಿ ಪ್ರದರ್ಶನಾಲಯದಲ್ಲಿ 1963ರಿಂದ ಡಾಲ್ಫಿನ್‌ಗಳಿಗೆ ಶಿಕ್ಷಣವಿತ್ತ ಕ್ಯಾರೆನ್ ಪ್ರಯರ್, ನೀರಿನಲ್ಲಿ ಈಜಿ ದೂರ ಸರಿದುಬಿಡುವ ಪ್ರಾಣಿಯನ್ನು ಹಗ್ಗದಿಂದ ಜಗ್ಗುವುದಾಗಲಿ ದಂಡಿಸುವುದಾಗಲಿ ಸಾಧ್ಯವಿಲ್ಲದುದರಿಂದ, ಸೀಟಿಯ ಸದ್ದು ಮತ್ತು ಮೀನು ಇವೆರಡನ್ನೇ ನೆಚ್ಚಿದರು. 1984ರ ಅವರ ಗ್ರಂಥ ಆ ಅನುಭವವನ್ನು ನಾಯಿ ಸಾಕುವವರಿಗೆ ಮುಟ್ಟಿಸಿತು. ಪಶುವೈದ್ಯ ಇಯಾನ್ ಡನ್‌ಬಾರ್ ಆಹಾರದ ಆಮಿಷದಿಂದ ಕಲಿಸುವ ಕ್ರಮವನ್ನು 1980ರ ದಶಕದಿಂದ ಪ್ರಚಾರ ಮಾಡಿ, 1993ರಲ್ಲಿ ಸಾಕುನಾಯಿ ಶಿಕ್ಷಕರ ಸಂಘವೊಂದನ್ನು ಅಮೆರಿಕದಲ್ಲಿ ಸ್ಥಾಪಿಸಿದರು.

ಕಲಿಕೆಯ ತತ್ತ್ವ

ಈ ಶಿಕ್ಷಣಕ್ಕೆ ಎರಡು ಬಗೆಯ ಕಲಿಕೆ ಆಧಾರ. ಒಂದು ಸೂಚನೆಯು ಮತ್ತೊಂದು ಸಂಗತಿಯ ಮುನ್ಸೂಚಕವಾಗಿ ಪರಿಣಮಿಸಿ ತಾನಾಗಿಯೇ ಭಾವವನ್ನೂ ಶಾರೀರಕ ಪ್ರತಿಕ್ರಿಯೆಯನ್ನೂ ಎಬ್ಬಿಸುವುದು ಅಭಿಜಾತ ಅನುಬಂಧನ. ಪ್ರಾಣಿಯು ತಾನು ಮಾಡಿದ ಕ್ರಿಯೆಯ ಫಲವನ್ನು ಅನುಸರಿಸಿ ಆ ಕ್ರಿಯೆಯನ್ನು ಹೆಚ್ಚಿಸುವುದೋ ಕಡಿಮೆ ಮಾಡುವುದೋ ಕ್ರಿಯಾಜನ್ಯ ಅನುಬಂಧನ. ವರ್ತನೆಯನ್ನು ಹೆಚ್ಚಿಸುವ ಫಲಕ್ಕೆ ಪುನರ್ಬಲನವೆಂದೂ ಕಡಿಮೆ ಮಾಡುವುದಕ್ಕೆ ದಂಡನೆಯೆಂದೂ ಸಂಜ್ಞೆ. ಇವುಗಳಿಗೆ ಸೇರಿಸುವ ಧನಾತ್ಮಕ, ಋಣಾತ್ಮಕ ಎಂಬ ವಿಶೇಷಣಗಳು ಒಳಿತು ಕೆಡುಕುಗಳನ್ನು ಸೂಚಿಸದೆ, ಏನನ್ನಾದರೂ ಕೊಡುವುದನ್ನೂ ಹಿಂತೆಗೆಯುವುದನ್ನೂ ಮಾತ್ರ ಸೂಚಿಸುತ್ತವೆ. ಕೂತ ನಾಯಿಗೆ ತಿನಿಸು ಕೊಡುವುದು ಧನಾತ್ಮಕ ಪುನರ್ಬಲನ. ಮೈಮೇಲೆ ನೆಗೆದ ನಾಯಿಯಿಂದ ಮುಖ ತಿರುಗಿಸಿಕೊಳ್ಳುವುದು ಋಣಾತ್ಮಕ ದಂಡನೆ. ಬಹುಮಾನಮೂಲ ಶಿಕ್ಷಣವು ಮೊದಲನೆಯದನ್ನು ಮುಖ್ಯವಾಗಿಯೂ ಎರಡನೆಯದನ್ನು ಮಿತವಾಗಿಯೂ ಬಳಸುತ್ತದೆ. ಕತ್ತನ್ನು ಹಿಸುಕಿ ವಿಧೇಯತೆ ತೋರಿದಾಗ ಸಡಿಲಿಸುವ ಋಣಾತ್ಮಕ ಪುನರ್ಬಲನವನ್ನೂ, ಹೊಡೆತವೆಂಬ ಧನಾತ್ಮಕ ದಂಡನೆಯನ್ನೂ ವರ್ಜಿಸುತ್ತದೆ.

ಪ್ರಾಣಿಯು ತಾನಾಗಿ ಹೆಚ್ಚು ಇಷ್ಟಪಟ್ಟು ಮಾಡುವ ಕ್ರಿಯೆಯು, ಅದು ಕಡಿಮೆ ಮಾಡುವ ಕ್ರಿಯೆಗೆ ಬಹುಮಾನವಾಗಬಲ್ಲುದೆಂಬ ನಿಯಮವನ್ನು ಡೇವಿಡ್ ಪ್ರಿಮ್ಯಾಕ್ 1959ರಲ್ಲಿ ಪ್ರತಿಪಾದಿಸಿದನು. ಬಾಗಿಲ ಬಳಿ ತಾಳ್ಮೆಯಿಂದ ಕೂತ ನಾಯಿಗೆ ಹೊರಗೆ ಹೋಗುವುದೇ ಬಹುಮಾನವಾಗುವುದು ಈ ನಿಯಮದಿಂದ.

ಪ್ರೌಢ ನಾಯಿಯ ವೈಶಿಷ್ಟ್ಯ

ಪ್ರೌಢ ನಾಯಿಗೆ ಕಲಿಸುವುದು ಮರಿಗೆ ಕಲಿಸುವುದಕ್ಕಿಂತ ಕೆಲವು ವಿಷಯಗಳಲ್ಲಿ ಸುಲಭ, ಕೆಲವುಗಳಲ್ಲಿ ಕಠಿಣ. ಅದರ ಗಮನ ಮರಿಯ ಗಮನಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಮಲಮೂತ್ರಗಳನ್ನು ತಡೆದುಕೊಳ್ಳುವ ಶಕ್ತಿ ಪೂರ್ಣವಾಗಿರುತ್ತದೆ. ಕಂಡದ್ದನ್ನೆಲ್ಲ ಕಚ್ಚುವ ಚಪಲ ಇಳಿದಿರುತ್ತದೆ. ಆದರೆ ಅದು ಬರುವಾಗಲೇ ತನ್ನ ಪೂರ್ವಚರಿತ್ರೆಯನ್ನು ಹೊತ್ತು ಬಂದಿರುತ್ತದೆ. ಹಗ್ಗವನ್ನು ಎಳೆದಾಗಲೆಲ್ಲ ಮುಂದೆ ಸಾಗಲು ಸಾಧ್ಯವಾದುದರಿಂದ ಎಳೆಯುವುದೇ ನಡೆಯುವ ರೀತಿಯೆಂದು ಅದು ಕಲಿತಿರಬಹುದು. ಕರೆದಾಗ ಬಂದು ಬೈಗುಳ ತಿಂದ ನಾಯಿಗೆ ‘ಬಾ’ ಎಂಬ ಕರೆಯೇ ಭಯಸೂಚಕವಾಗಿರಬಹುದು. ದಿನಕ್ಕೆ ನೂರು ಸಲ ನಿಷ್ಕಾರಣವಾಗಿ ಕೇಳಿದ ತನ್ನ ಹೆಸರು ಅದಕ್ಕೆ ಅರ್ಥಶೂನ್ಯವಾಗಿರಬಹುದು. ಹೀಗೆ ಕೆಟ್ಟುಹೋದ ಆಜ್ಞಾಪದವನ್ನು ತಿದ್ದುವುದಕ್ಕಿಂತ ಹೊಸದೊಂದು ಪದವನ್ನು ಆರಿಸಿಕೊಂಡು ಮೊದಲಿನಿಂದ ಕಲಿಸುವುದೇ ಶೀಘ್ರವಾದ ಮಾರ್ಗವೆಂದು ಶಿಕ್ಷಕರು ಮನಗಂಡಿದ್ದಾರೆ.

ಹಳೆಯ ಕಲಿಕೆ ಅಳಿಸಿಹೋಗುವುದಿಲ್ಲವೆಂಬುದು ಇಲ್ಲಿ ಮುಖ್ಯ. ಹೊಸ ಕಲಿಕೆಯು ಅದರ ಮೇಲೆ ನೆಲೆಗೊಳ್ಳುತ್ತದೆ. ಸನ್ನಿವೇಶ ಬದಲಾದಾಗ, ಕಾಲ ಕಳೆದಾಗ, ಭಯ ಹೆಚ್ಚಿದಾಗ ಹಳೆಯದು ಮತ್ತೆ ತಲೆದೋರಬಹುದು. ಆದುದರಿಂದ ವಯಸ್ಸಾದ ನಾಯಿಯ ಶಿಕ್ಷಣದಲ್ಲಿ ಹಿನ್ನಡೆಯು ಹಟವೂ ಅಲ್ಲ, ದ್ರೋಹವೂ ಅಲ್ಲ, ಕಲಿಕೆಯ ಸ್ವಭಾವ.

ಮರಿಯ ಜೀವನದಲ್ಲಿ ಸುಮಾರು 3ರಿಂದ 12 ವಾರಗಳ ಅವಧಿಯು ಸಾಮಾಜಿಕ ಪರಿಚಯಕ್ಕೆ ಅತ್ಯಂತ ಅನುಕೂಲವಾದುದೆಂದು ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅವರ ದೀರ್ಘ ಸಂಶೋಧನೆ ತೋರಿಸಿತು. ಅದರ ಫಲಿತಗಳು 1965ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದುವು. ಆ ಅವಧಿಯಲ್ಲಿ ಮನುಷ್ಯರನ್ನೂ ವಾಹನಗಳನ್ನೂ ಕಾಣದೆ ಬೆಳೆದ ನಾಯಿಗೆ ಪ್ರೌಢಾವಸ್ಥೆಯಲ್ಲಿ ಧೈರ್ಯ ಕಲಿಸುವುದು ಸಾಧ್ಯವಾದರೂ ನಿಧಾನವಾಗಿ ಮಾತ್ರ ಸಾಧ್ಯ. ಮುಪ್ಪಿನ ನಾಯಿಗಳ ವಿಷಯದಲ್ಲಿ, ವಿಯೆನ್ನಾದಲ್ಲಿ ಬಾರ್ಡರ್ ಕೋಲಿ ತಳಿಯ ನಾಯಿಗಳಿಗೆ ಸ್ಪರ್ಶಪರದೆಯ ಮೇಲೆ ಚಿತ್ರಗಳನ್ನು ಗುರುತಿಸಲು ಕಲಿಸಿ ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನವು ಗಮನಾರ್ಹವಾದುದು: ಹಿರಿಯ ನಾಯಿಗಳು ಕಲಿಯಲು ಹೆಚ್ಚು ಯತ್ನಗಳನ್ನು ತೆಗೆದುಕೊಂಡರೂ ಕಲಿತೇ ಕಲಿತುವು, ತಾರ್ಕಿಕ ಊಹೆಯನ್ನು ಬೇಡುವ ಪರೀಕ್ಷೆಯಲ್ಲಿಯಂತೂ ಕಿರಿಯವನ್ನು ಮೀರಿಸಿದುವು.

ಶಿಕ್ಷಣಾರಂಭಕ್ಕೆ ಮೊದಲು ಪಶುವೈದ್ಯರಿಂದ ತಪಾಸಣೆ ಆಗಬೇಕೆಂಬುದು ಪ್ರೌಢ ನಾಯಿಗೆ ವಿಶೇಷವಾಗಿ ಅನ್ವಯಿಸುವ ನಿಯಮ. ಕೀಲುನೋವು, ಹಲ್ಲಿನ ರೋಗ, ಕಿವಿಯ ಸೋಂಕು, ದೃಷ್ಟಿ ಅಥವಾ ಶ್ರವಣಶಕ್ತಿಯ ಕುಂದು ಇವುಗಳಿಂದ ಮಾತು ಕೇಳದ, ಇಲ್ಲವೇ ಏಕಾಏಕಿ ಗುರುಗುಟ್ಟುವ ನಾಯಿಯನ್ನು ಮೊಂಡು ಎಂದು ಬಗೆಯುವುದು ಅನ್ಯಾಯ. ಸೊಂಟದ ಕೀಲು ನೋಯುವ ನಾಯಿಗೆ ‘ಕೂತ್ಕೊ’ ಎಂಬ ಪಾಠವೇ ಹಿಂಸೆ.

ಬಹುಮಾನ ಮತ್ತು ಸಂಕೇತಧ್ವನಿ

ಬಹುಮಾನವಾವುದೆಂಬುದನ್ನು ನಿರ್ಣಯಿಸುವುದು ನಾಯಿಯೇ ಹೊರತು ಶಿಕ್ಷಕನಲ್ಲ. ಒಂದಕ್ಕೆ ಬೇಯಿಸಿದ ಕೋಳಿಮಾಂಸ, ಇನ್ನೊಂದಕ್ಕೆ ಪನೀರ್, ಮತ್ತೊಂದಕ್ಕೆ ಚೆಂಡು ಶ್ರೇಷ್ಠವೆನಿಸಬಹುದು. ತಲೆ ಸವರುವುದನ್ನು ಯಜಮಾನನು ಪ್ರೀತಿಯೆಂದು ತಿಳಿದರೂ ಅನೇಕ ನಾಯಿಗಳು ಅದನ್ನು ಸಹಿಸಿಕೊಳ್ಳುತ್ತವೆ, ಅಷ್ಟೇ. ತಿನಿಸಿನ ತುಣುಕು ಕಡಲೆಕಾಳಿನಷ್ಟಿದ್ದರೆ ಸಾಕು. ಕೊಟ್ಟಷ್ಟನ್ನು ದಿನದ ಆಹಾರದಲ್ಲಿ ಕಳೆಯದಿದ್ದರೆ ಪ್ರೌಢ ನಾಯಿಗೆ ಬೊಜ್ಜು ಬರುವುದು ನಿಶ್ಚಯ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ಮತ್ತು ಜೈಲಿಟಾಲ್ ಎಂಬ ಸಿಹಿಕಾರಕ ನಾಯಿಗಳಿಗೆ ವಿಷಪ್ರಾಯವಾದುವು.

ಬಹುಮಾನದ ಮೌಲ್ಯಕ್ಕಿಂತಲೂ ಅದು ದೊರೆಯುವ ಕ್ಷಣ ಮುಖ್ಯ. ಕೂತ ನಾಯಿಗೆ ಚೀಲದಿಂದ ತಿನಿಸು ತೆಗೆಯುವಷ್ಟರಲ್ಲಿ ಅದು ಎದ್ದಿದ್ದರೆ, ಬಹುಮಾನ ಸಲ್ಲುವುದು ಏಳುವಿಕೆಗೆ. ಈ ಅಂತರವನ್ನು ತುಂಬುವುದಕ್ಕಾಗಿ ಸಂಕೇತಧ್ವನಿಯನ್ನು ಬಳಸುತ್ತಾರೆ. ಒತ್ತಿದರೆ ಟಿಕ್ಕೆನ್ನುವ ಕ್ಲಿಕ್ಕರ್ ಎಂಬ ಪುಟ್ಟ ಸಾಧನವಾಗಲಿ, ಒಂದೇ ಬಗೆಯ ಸ್ವರದಲ್ಲಿ ಹೇಳುವ ‘ಹ್ಞಾಂ’ ಎಂಬಂಥ ಚಿಕ್ಕ ಶಬ್ದವಾಗಲಿ ಆಗಬಹುದು. ಮೊದಲು ಧ್ವನಿಯಾದೊಡನೆ ತಿನಿಸನ್ನು ಕೊಡುವುದನ್ನು ಹಲವು ಸಲ ನಡೆಸಿದರೆ, ಪಾವ್ಲೋವನ ನಿಯಮದಂತೆ ಧ್ವನಿಯೇ ಬಹುಮಾನದ ಭರವಸೆಯಾಗುತ್ತದೆ. ಅನಂತರ ಅದು ಸರಿಯಾದ ಕ್ರಿಯೆ ನಡೆದ ಕ್ಷಣವನ್ನು ನಾಯಿಗೆ ಗುರುತಿಸಿಕೊಡುತ್ತದೆ. ಕಿವುಡು ನಾಯಿಗೆ ಹೆಬ್ಬೆರಳೆತ್ತಿ ತೋರಿಸುವ ಸನ್ನೆಯೂ ಇದೇ ಕೆಲಸವನ್ನು ಮಾಡುತ್ತದೆ.

ಕಲಿಸುವ ವಿಧಗಳು

ತಿನಿಸನ್ನು ಮೂಗಿನ ಮುಂದೆ ಹಿಡಿದು, ಅದನ್ನು ಚಲಿಸುತ್ತ ನಾಯಿಯ ದೇಹವನ್ನು ಬೇಕಾದ ಭಂಗಿಗೆ ತರುವುದು ಆಮಿಷವಿಧಾನ. ಕೈಯನ್ನು ಮೂಗಿನಿಂದ ಹಿಂದಲೆಯ ಕಡೆಗೆ ಎತ್ತಿದರೆ ತಲೆ ಮೇಲಾಗಿ ಹಿಂಗಾಲು ತಾನಾಗಿ ಮಡಿಯುತ್ತದೆ. ಕೆಲವೇ ಆವೃತ್ತಿಗಳಲ್ಲಿ ಕೈಯ ತಿನಿಸನ್ನು ತೆಗೆದು ಬರಿಯ ಕೈಸನ್ನೆಯನ್ನು ಉಳಿಸಿಕೊಳ್ಳದಿದ್ದರೆ, ತಿನಿಸು ಕಂಡಾಗ ಮಾತ್ರ ಕೂರುವ ನಾಯಿ ಸಿದ್ಧವಾಗುತ್ತದೆ. ಈ ಪದ್ಧತಿಯನ್ನು ಲಂಚವೆಂದು ಜರೆಯುವವರು ನೋಡಿರುವುದು ಬಹುಶಃ ಈ ಲೋಪವನ್ನೇ. ನಾಯಿ ತಾನಾಗಿ ಮಾಡಿದ ಕ್ರಿಯೆಯನ್ನು, ಉದಾಹರಣೆಗೆ ಚಾಪೆಯ ಮೇಲೆ ಸುಮ್ಮನೆ ಮಲಗಿದುದನ್ನು, ಕಾದು ಗುರುತಿಸಿ ಬಹುಮಾನಿಸುವುದು ಗ್ರಹಣವಿಧಾನ. ಗುರಿಯ ಕಡೆಗಿನ ಚಿಕ್ಕ ಚಿಕ್ಕ ಹೆಜ್ಜೆಗಳನ್ನು ಅನುಕ್ರಮವಾಗಿ ಬಹುಮಾನಿಸಿ ಸಂಕೀರ್ಣವಾದ ಕ್ರಿಯೆಯನ್ನು ಕಟ್ಟುವುದು ರೂಪಣೆ.

ಆಜ್ಞಾಪದವನ್ನು ಕ್ರಿಯೆ ನೆಲೆಗೊಂಡ ಮೇಲೆ ಸೇರಿಸಬೇಕು. ಅರ್ಥವಾಗದ ಪದವನ್ನು ಮೊದಲೇ ಹತ್ತು ಸಲ ಕೂಗಿದರೆ ಅದು ಗದ್ದಲವಾಗಿ ಉಳಿಯುತ್ತದೆ. ಭಾಷೆ ಯಾವುದಾದರೂ ಆಗಬಹುದು, ಮನೆಯವರೆಲ್ಲ ಒಂದೇ ಪದವನ್ನು ಬಳಸಬೇಕಾದುದು ಮಾತ್ರ ಅವಶ್ಯ. ಅಡುಗೆಮನೆಯಲ್ಲಿ ಕಲಿತದ್ದನ್ನು ನಾಯಿ ಬೀದಿಯಲ್ಲಿ ತಾನಾಗಿ ಅನ್ವಯಿಸುವುದಿಲ್ಲ. ಕಾಲಾವಧಿ, ದೂರ, ಸುತ್ತಣ ಆಕರ್ಷಣೆ ಈ ಮೂರನ್ನು ಒಂದೊಂದಾಗಿ ಹೆಚ್ಚಿಸುತ್ತ, ಒಂದನ್ನು ಹೆಚ್ಚಿಸಿದಾಗ ಉಳಿದೆರಡನ್ನು ತಗ್ಗಿಸುತ್ತ ಅಭ್ಯಾಸ ಮಾಡಿಸುವುದು ಕ್ರಮ. ಪಾಠ ಕೆಲವು ನಿಮಿಷಗಳನ್ನು ಮೀರಬಾರದು. ಕಲಿಕೆ ದೃಢವಾದ ಬಳಿಕ ಬಹುಮಾನವನ್ನು ಪ್ರತಿಸಲವೂ ಕೊಡದೆ ಅನಿಯತವಾಗಿ ಕೊಡುವುದರಿಂದ ವರ್ತನೆ ಹೆಚ್ಚು ಬಾಳುತ್ತದೆ. ಆದರೆ ‘ಬಾ’ ಎಂಬ ಕರೆಗೆ ಬಹುಮಾನವನ್ನು ಎಂದಿಗೂ ಕಡಿಮೆಮಾಡದಿರುವುದು ವಿವೇಕ, ಏಕೆಂದರೆ ರಸ್ತೆಯ ಬದಿಯಲ್ಲಿ ನಾಯಿಯ ಪ್ರಾಣ ಆ ಒಂದು ಕರೆಯನ್ನು ಅವಲಂಬಿಸಿರುತ್ತದೆ.

ಅನಪೇಕ್ಷಿತ ವರ್ತನೆ ಮತ್ತು ಭಯ

ಬೇಡದ ವರ್ತನೆಯನ್ನು ನಿಲ್ಲಿಸುವುದಕ್ಕೆ ಈ ಕ್ರಮದಲ್ಲಿ ಮೊದಲು ಕೇಳುವ ಪ್ರಶ್ನೆ, ಅದರಿಂದ ನಾಯಿಗೆ ದೊರೆಯುತ್ತಿರುವ ಲಾಭವೇನು ಎಂಬುದು. ನೆಂಟರ ಮೇಲೆ ನೆಗೆಯುವ ನಾಯಿಗೆ ದೊರೆಯುವುದು ಗಮನ. ನೂಕುವ ಕೈಯೂ ಕೂಗುವ ಬಾಯಿಯೂ ಗಮನವೇ. ನಾಲ್ಕು ಕಾಲೂ ನೆಲದ ಮೇಲಿರುವಾಗ ಮಾತ್ರ ಗಮನ ಕೊಟ್ಟು, ಬಾಗಿಲ ಸದ್ದಾದರೆ ಚಾಪೆಯ ಮೇಲೆ ಹೋಗಿ ಕೂರುವುದನ್ನು ಕಲಿಸಿದರೆ, ಎರಡು ವರ್ತನೆಗಳು ಏಕಕಾಲಕ್ಕೆ ಸಾಧ್ಯವಿಲ್ಲವಾದುದರಿಂದ ನೆಗೆತ ಅಳಿಯುತ್ತದೆ. ಲಾಭ ನಿಂತ ವರ್ತನೆಯು ಅಳಿಯುವ ಮುನ್ನ ಕೆಲಕಾಲ ಉಲ್ಬಣಿಸುವುದುಂಟು; ಆ ಘಟ್ಟದಲ್ಲಿ ಸೋತು ಗಮನಕೊಟ್ಟರೆ ಇನ್ನೂ ಜೋರಾಗಿ ನೆಗೆಯಬೇಕೆಂಬುದೇ ಪಾಠವಾಗುತ್ತದೆ. ಕಲಿಕೆ ಮುಗಿಯುವವರೆಗೆ ಚಪ್ಪಲಿಗಳನ್ನು ಎತ್ತಿಡುವುದು, ಗೇಟು ಮುಚ್ಚುವುದು, ಎದೆಪಟ್ಟಿ ಕಟ್ಟುವುದು ಮುಂತಾಗಿ ತಪ್ಪಿಗೆ ಅವಕಾಶವನ್ನೇ ಕೊಡದಿರುವುದು ಅರ್ಧ ಶಿಕ್ಷಣ.

ಭಯದಿಂದ ಹುಟ್ಟಿದ ವರ್ತನೆಗೆ ಮಾರ್ಗ ಬೇರೆ. ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್, ಮೊಲವನ್ನು ಕಂಡು ಹೆದರುವ ಪುಟ್ಟ ಬಾಲಕನೊಬ್ಬನಿಗೆ ಇಷ್ಟವಾದ ತಿಂಡಿ ಕೊಡುತ್ತ ಮೊಲವನ್ನು ದಿನದಿನಕ್ಕೆ ಸಮೀಪಕ್ಕೆ ತಂದು ಅವನ ಭಯವನ್ನು ಬಿಡಿಸಿದುದನ್ನು 1924ರಲ್ಲಿ ವರದಿಮಾಡಿದಳು. ನಾಯಿಗಳ ಭಯನಿವಾರಣೆಗೂ ಇದೇ ಮಾದರಿ. ದೀಪಾವಳಿಯ ಪಟಾಕಿಗೆ ನಡುಗುವ ನಾಯಿಗೆ, ಹಬ್ಬಕ್ಕೆ ಹಲವು ವಾರಗಳ ಮುಂಚಿತವಾಗಿಯೇ ಧ್ವನಿಮುದ್ರಿತ ಸ್ಫೋಟಗಳನ್ನು ಅತಿ ಮೆಲ್ಲಗೆ ಕೇಳಿಸುತ್ತ, ಪ್ರತಿ ಸದ್ದಿನ ಹಿಂದೆಯೇ ಶ್ರೇಷ್ಠವಾದ ತಿನಿಸನ್ನಿತ್ತು, ನಾಯಿ ನಿರಾಳವಾಗಿರುವವರೆಗೆ ಮಾತ್ರ ಸದ್ದನ್ನು ಏರಿಸುತ್ತಾರೆ. ಹಬ್ಬದ ರಾತ್ರಿಗಳಲ್ಲಿ ಪಾಠ ಸಲ್ಲದು. ಒಳಕೋಣೆಯ ಆಶ್ರಯ, ಮುಚ್ಚಿದ ಕಿಟಕಿ, ಯಜಮಾನನ ಸಾಮೀಪ್ಯ ಬೇಕು. ಹೆದರಿದ ನಾಯಿಯನ್ನು ಸಂತೈಸಿದರೆ ಭಯವೇ ಹೆಚ್ಚುತ್ತದೆಂಬ ನಂಬಿಕೆ ನಿರಾಧಾರ. ತೀವ್ರ ಭಯಕ್ಕೆ ಪಶುವೈದ್ಯರು ಔಷಧಿಯನ್ನೂ ಸೂಚಿಸುತ್ತಾರೆ.

ಆಕಳಿಕೆ, ತುಟಿ ನೆಕ್ಕುವಿಕೆ, ಮುಖ ತಿರುವುವಿಕೆ, ಮುದುಡಿದ ಬಾಲ, ಕಣ್ಣಿನ ಬಿಳಿಭಾಗ ಕಾಣುವಿಕೆ ಇವು ನಾಯಿಯ ಕಳವಳದ ಚಿಹ್ನೆಗಳು. ಗುರುಗುಟ್ಟಿದುದಕ್ಕೆ ಹೊಡೆದರೆ ಗುರುಗುಟ್ಟುವುದು ನಿಲ್ಲಬಹುದು, ಕಚ್ಚುವ ಕಾರಣ ನಿಲ್ಲುವುದಿಲ್ಲ. ಮುನ್ಸೂಚನೆಯಿಲ್ಲದೆ ಕಚ್ಚುವ ನಾಯಿ ಹೀಗೆ ತಯಾರಾಗುತ್ತದೆ.

ಉಪಯೋಗ

ಗೃಹಶಿಕ್ಷಣವಲ್ಲದೆ ಚಿಕಿತ್ಸಾಸಹಕಾರದಲ್ಲಿ ಈ ಕ್ರಮ ವಿಶೇಷವಾಗಿ ಉಪಯುಕ್ತ. ಗಲ್ಲವನ್ನು ಅಂಗೈಮೇಲಿರಿಸಿ ಸ್ಥಿರವಾಗಿರುವುದನ್ನು ಕಲಿತ ನಾಯಿಗೆ ಚುಚ್ಚುಮದ್ದು, ಉಗುರು ಕತ್ತರಿಸುವಿಕೆ, ಕಿವಿಯ ಶುಚಿ ಇವನ್ನು ಹಿಡಿದು ಅದುಮದೆ ನಡೆಸಬಹುದು. ಬಾಯಿಕುಕ್ಕೆಯನ್ನು ತಾನಾಗಿ ತೊಡುವಂತೆಯೂ ಕಲಿಸಬಹುದು. ಸ್ಫೋಟಕ, ಮಾದಕದ್ರವ್ಯ, ನೆಲಬಾಂಬು, ಅವಶೇಷಗಳಡಿಯ ಜೀವಗಳನ್ನು ವಾಸನೆಯಿಂದ ಪತ್ತೆಹಚ್ಚುವ ನಾಯಿಗಳ ಶಿಕ್ಷಣವು ಬಹುಮಟ್ಟಿಗೆ ಚೆಂಡಿನಾಟ ಅಥವಾ ತಿನಿಸಿನ ಬಹುಮಾನವನ್ನೇ ಅವಲಂಬಿಸಿದೆ. ಮೂಗಿನಿಂದ ಹುಡುಕುವ ಆಸಕ್ತಿಯನ್ನು ಬಲಾತ್ಕಾರದಿಂದ ಹುಟ್ಟಿಸಲಾಗದು.

ಪ್ರಯೋಗಸಾಕ್ಷ್ಯ ಮತ್ತು ಮಿತಿಗಳು

ಬ್ರಿಟನ್ನಿನಲ್ಲಿ ನಾಯಿಗಳ ಯಜಮಾನರನ್ನು ವಿಚಾರಿಸಿ ನಡೆಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಹುಮಾನದ ಬಳಕೆಗೂ ಹೆಚ್ಚಿನ ವಿಧೇಯತೆಗೂ, ದಂಡನೆಯ ಬಳಕೆಗೂ ಹೆಚ್ಚಿನ ವರ್ತನಾಸಮಸ್ಯೆಗಳಿಗೂ ಸಂಬಂಧ ಕಂಡುಬಂದಿತು. ನೆಲಕ್ಕೆ ಕೆಡವಿ ಅದುಮುವುದೇ ಮೊದಲಾದ ಎದುರಾಳಿತನದ ಉಪಾಯಗಳು ನಾಯಿಯಿಂದ ಆಕ್ರಮಣವನ್ನು ಪ್ರಚೋದಿಸುತ್ತವೆಂದು 2009ರ ಅಮೆರಿಕದ ಅಧ್ಯಯನವೊಂದು ತಿಳಿಸಿತು. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ದಂಡನೆಯನ್ನು ಹೆಚ್ಚಾಗಿ ಬಳಸುವ ಶಾಲೆಗಳ ನಾಯಿಗಳು ಪಾಠದ ವೇಳೆ ಹೆಚ್ಚು ಒತ್ತಡದ ಚಿಹ್ನೆಗಳನ್ನು ತೋರಿದುದಲ್ಲದೆ, ಅವುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಏರಿಕೆಯೂ ಹೆಚ್ಚಾಗಿತ್ತು.

ಸಂಬಂಧ ಕಂಡುಬಂದ ಮಾತ್ರಕ್ಕೆ ಕಾರಣ ಸಿದ್ಧವಾಗದೆಂಬುದು ನಿಜ; ಸಮಸ್ಯೆಯುಳ್ಳ ನಾಯಿಗೇ ಯಜಮಾನರು ಹೆಚ್ಚು ದಂಡನೆ ಮಾಡಿರಬಹುದು. ಬೇಟೆಯ ಹಿಂದೆ ಓಡುವ ಪ್ರವೃತ್ತಿ ಬಲವಾಗಿರುವ ತಳಿಗಳಲ್ಲಿ ಓಟವೇ ಕೈಯ ತಿನಿಸಿಗಿಂತ ದೊಡ್ಡ ಬಹುಮಾನವಾಗಿರುತ್ತದೆ, ಉದ್ದನೆಯ ಹಗ್ಗವನ್ನು ಕೈಬಿಡುವಂತಿಲ್ಲ. ಗಂಭೀರ ಆಕ್ರಮಣಶೀಲತೆಯುಳ್ಳ ನಾಯಿಗೆ ಜೀವನಪರ್ಯಂತ ಎಚ್ಚರ ಬೇಕಾದೀತು.

ಭಾರತದಲ್ಲಿ ಮತ್ತು ಸದ್ಯದ ಸ್ಥಿತಿ

ಭಾರತದಲ್ಲಿ ನಾಯಿಗಳ ವ್ಯವಸ್ಥಿತ ತರಬೇತು ಪ್ರಧಾನವಾಗಿ ರಕ್ಷಣಾಪಡೆಗಳ ಆಶ್ರಯದಲ್ಲಿ ಬೆಳೆಯಿತು. ಮೀರತ್‌ನಲ್ಲಿರುವ ಸೈನ್ಯದ ರಿಮೌಂಟ್ ಮತ್ತು ವೆಟರ್ನರಿ ಕೋರ್ ಕೇಂದ್ರ, ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿರುವ ಗಡಿಭದ್ರತಾ ಪಡೆಯ ರಾಷ್ಟ್ರೀಯ ತರಬೇತು ಕೇಂದ್ರ, ಬೆಂಗಳೂರು ಸಮೀಪದ ತರಳುವಿನಲ್ಲಿರುವ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ನಾಯಿಶಾಲೆ ಇವು ಮುಖ್ಯವಾದುವು. ಕರ್ನಾಟಕದ ಮುಧೋಳ ತಳಿಯ ನಾಯಿಗಳನ್ನು ಸೈನ್ಯವು 2016ರಿಂದ ಮೀರತ್‌ನಲ್ಲಿ ತರಬೇತಿಗೆ ತೆಗೆದುಕೊಂಡಿತು. ದೃಷ್ಟಿಯನ್ನು ನೆಚ್ಚಿ ವೇಗವಾಗಿ ಓಡಿ ಬೇಟೆಯಾಡುವ ಜಾತಿಯಾದುದರಿಂದ, ಓಟವನ್ನೇ ಬಹುಮಾನವಾಗಿಸುವುದು ಮುಧೋಳ ನಾಯಿಗೆ ಸಹಜವಾಗಿ ಒಪ್ಪುತ್ತದೆ. ಬೀದಿಯಿಂದ ಮನೆಗೆ ತಂದ ದೇಶೀಯ ನಾಯಿಗಳು ಸಾಮಾನ್ಯವಾಗಿ ಜಾಗರೂಕ ಸ್ವಭಾವದವು. ಮೊದಲ ಕೆಲವು ವಾರ ಪಾಠಕ್ಕಿಂತ ನಿಯತವಾದ ಊಟ, ನಿದ್ರೆ, ನಿರ್ಭಯವಾದ ಮೂಲೆಯೊಂದು ಅವುಗಳಿಗೆ ಅಗತ್ಯ.

1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮವು ಪ್ರಾಣಿಗಳನ್ನು ಹೊಡೆಯುವುದನ್ನೂ, ಅತಿ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಬಹುಕಾಲ ಕಟ್ಟುವುದನ್ನೂ, ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡಿಸದಿರುವುದನ್ನೂ ಅಪರಾಧವೆಂದು ಪರಿಗಣಿಸಿದೆ. ವಿದ್ಯುದಾಘಾತದ ಕೊರಳಪಟ್ಟಿಯನ್ನು ವೇಲ್ಸ್ 2010ರಲ್ಲಿ ನಿಷೇಧಿಸಿತು. ಪ್ರಾಣಿವರ್ತನೆಯಲ್ಲಿ ಪರಿಣತರಾದ ಅಮೆರಿಕದ ಪಶುವೈದ್ಯರ ಸಂಘವು 2021ರ ತನ್ನ ಹೇಳಿಕೆಯಲ್ಲಿ, ವರ್ತನಾಸಮಸ್ಯೆಯುಳ್ಳವೂ ಸೇರಿದಂತೆ ಎಲ್ಲ ನಾಯಿಗಳಿಗೂ ಬಹುಮಾನಮೂಲ ವಿಧಾನಗಳನ್ನೇ ಶಿಫಾರಸು ಮಾಡಿತು. ಆದರೂ ಬಹುತೇಕ ದೇಶಗಳಲ್ಲಿ, ಭಾರತವೂ ಸೇರಿದಂತೆ, ನಾಯಿಶಿಕ್ಷಕನಾಗಲು ಕಾನೂನು ವಿಧಿಸಿದ ಅರ್ಹತೆಯಿಲ್ಲ. ಎಳೆದಾಗ ಕೊರಳನ್ನು ಬಿಗಿಯುವ ಚೋಕ್ ಚೈನ್ ಬೆಂಗಳೂರಿನ ಅಂಗಡಿಗಳಲ್ಲಿ ಇಂದಿಗೂ ದೊರೆಯುತ್ತದೆ. ಶಿಕ್ಷಕನನ್ನು ಗೊತ್ತುಮಾಡುವ ಯಜಮಾನನು, ನಾಯಿ ತಪ್ಪಿದಾಗ ಏನು ಮಾಡುವಿರೆಂದು ಮೊದಲೇ ಕೇಳಿ, ಪಾಠವನ್ನು ಎದುರಿನಲ್ಲಿಯೇ ನಡೆಸಿಕೊಡುವಂತೆ ಕೋರುವುದು, ಕಲಿಯುವ ನಾಯಿ ಬಾಲ ಸಡಿಲವಾಗಿ ತಾನಾಗಿ ಶಿಕ್ಷಕನತ್ತ ಬರುತ್ತದೆಯೇ ಎಂಬುದನ್ನು ನೋಡುವುದು ಸದ್ಯಕ್ಕೆ ಲಭ್ಯವಿರುವ ಪರೀಕ್ಷೆ.